ಮೇಷ್ಟ್ರ ಹಸಿರು

ಎಲೆಗೆ ಯಾವ ಬಣ್ಣ ಬಳಿಯಬೇಕು ಎಂಬ ವಿಷಯಕ್ಕೆ ಒಂದು ಮನೆಯಲ್ಲಿ ವಾರಗಟ್ಟಲೆ ಜಗಳ ನಡೆಯಿತು ಎಂದರೆ ಕೇಳಿದವರು ನಗುತ್ತಾರೆ. ಮೊದಮೊದಲು ಆ ಮನೆಯ ಅತ್ತೆಯೂ ನಕ್ಕರು. ಆದರೆ ಊಟದ ಮೇಜಿನ ಅರ್ಧಭಾಗ ಊಟದ ಹೊತ್ತಿಗೂ ಖಾಲಿಯಾಗದೆ, ಉಳಿದರ್ಧದಲ್ಲಿ ಮನೆಯವರೆಲ್ಲ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣಬೇಕಾಗಿ ಬಂದಾಗ ಅವರ ನಗು ನಿಂತಿತು.

ಮೇಜಿನ ಆ ಅರ್ಧ ಸೊಸೆಯದು. ಅವಳು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಮೂರನೇ ಮಹಡಿಯ ಆ ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವುದು ಊಟದ ಕೋಣೆಯ ಕಿಟಕಿಯ ಬಳಿ ಮಾತ್ರ. ಮದುವೆಯಾಗಿ ಬಂದ ವರ್ಷವೇ ಅಲ್ಲಿ ಬೇರೂರಿದವಳು ಆಮೇಲೆ ಎದ್ದಿಲ್ಲ. ಅವಳ ಗಂಡನಿಗೆ ಕೆಳಗಿನ ಬೀದಿಯಲ್ಲಿ ಡ್ರೈಕ್ಲೀನಿಂಗ್ ಅಂಗಡಿ. ಊರಿನವರ ಕೋಟು ಕಂಬಳಿಗಳ ಕಲೆಯೆಲ್ಲ ಅವನ ತಲೆಯ ಮೇಲೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ, ಮಾತಿಗೆ ಮಾತು ಜೋಡಿಸುವುದರಲ್ಲಿ ಅಜ್ಜಿಯ ಪಡಿಯಚ್ಚು. ಅಡುಗೆಮನೆ ಅತ್ತೆಯ ವಶದಲ್ಲಿದೆ. ಅದನ್ನು ಬಿಟ್ಟುಕೊಡುವ ಮಾತನ್ನು ಅವರು ಎತ್ತಿಲ್ಲ, ಸೊಸೆಯೂ ಕೇಳಿಲ್ಲ.

ಸೊಸೆಗೆ ಹೆಸರು ಬಂದದ್ದು ಅವಳ ಎಲೆಗಳಿಂದ. ಅವಳ ಮರಗಳಲ್ಲಿ ಎಲೆ ಹಸಿರಾಗಿರುವುದಿಲ್ಲ. ಇಟ್ಟಿಗೆಪುಡಿಗೆ ಜೇನುತುಪ್ಪ ಕಲಸಿದಂಥ ಒಂದು ಕಂದು. ಪುಸ್ತಕದಂಗಡಿಯಲ್ಲಿ ದೂರದಿಂದಲೇ ಜನ ಇದು ಅವಳದು ಎಂದು ಗುರುತು ಹಿಡಿಯುತ್ತಾರೆ. ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ನಮ್ಮ ಡ್ರಾಯಿಂಗ್ ಮೇಷ್ಟ್ರು ಹೇಳ್ಕೊಟ್ಟಿದ್ದು. ಎಲೆ ಹಸಿರು ಅಂತ ಎಲ್ಲರಿಗೂ ಗೊತ್ತು, ಗೊತ್ತಿರೋದನ್ನೇ ಯಾಕೆ ಬರೀಬೇಕು ಅಂತಿದ್ರು." ಪತ್ರಿಕೆಯವರು ಈ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೂ ಉಂಟು.

ಈ ಸಲದ ಸಂಪಾದಕಿ ದಪ್ಪ ಅಕ್ಷರಕ್ಕೆ ಮರುಳಾಗುವವಳಲ್ಲ. ಪುಟ್ಟ ಮಕ್ಕಳಿಗೆ ಮರಗಳ ಪರಿಚಯ ಮಾಡಿಸುವ ಪುಸ್ತಕ ಅದು. ಮಾದರಿಗೆಂದು ಕಳಿಸಿದ ಚಿತ್ರಗಳನ್ನು ನೋಡಿ ಅವಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದಳು: "ಮಕ್ಕಳು ಈ ಪುಸ್ತಕ ಹಿಡ್ಕೊಂಡು ಹೊರಗೆ ಹೋಗಿ ಇದು ಯಾವ ಮರ ಅಂತ ಗುರುತು ಹಿಡೀಬೇಕು. ನಿಮ್ಮ ಮರ ನೋಡಿದ್ರೆ, ಪಾಪ, ಒಂದು ಬಿಂದಿಗೆ ನೀರು ಹಾಕೋಣ ಅನ್ಸುತ್ತೆ. ಎಲೆ ಹಸಿರು ಆಗ್ಲೇಬೇಕು. ಆಗಲ್ಲ ಅಂದ್ರೆ ತಿಂಗಳ ಕೊನೇಲಿ ಬೇರೆಯವರಿಗೆ ಕೊಡ್ತೀವಿ."

ಮರ, ಹಕ್ಕಿ, ಹುಳು, ಹೂವು ಎಂದು ಸಾಲಾಗಿ ಬರಲಿದ್ದ ಪುಸ್ತಕಗಳಲ್ಲಿ ಅದು ಮೊದಲನೆಯದು. ಅದೊಂದು ಕೈಬಿಟ್ಟರೆ ಮುಂದಿನ ಕೆಲವು ವರ್ಷಗಳ ಕೆಲಸವೇ ಕೈಬಿಟ್ಟ ಹಾಗೆ. ಬೇರೆ ಪ್ರಕಾಶಕರು ಆಗಲೇ ಕಂಪ್ಯೂಟರಿನಲ್ಲಿ ಚಿತ್ರ ಮಾಡುವವರ ಕಡೆ ವಾಲಿದ್ದರು. ಇದು ಸೊಸೆಗೂ ಗೊತ್ತಿತ್ತು.

"ಎಲೆಗೆ ಹಸಿರು ಬಳಿಯೋಕೆ ನಿಂಗೇನಮ್ಮ ಕಷ್ಟ?" ಅತ್ತೆ ಆಲೂಗಡ್ಡೆ ಬಡಿಸುತ್ತ ಕೇಳಿದರು. "ದೇವರೇ ಬಳಿದಿದ್ದಾನೆ."

"ದೇವರಿಗೆ ಬೇರೆ ಮೇಷ್ಟ್ರು ಇದ್ದಿರ್ಬೇಕು ಅಜ್ಜಿ," ಎಂದಳು ಮೊಮ್ಮಗಳು.

"ನೀನು ಬಾಯಿಗೆ ಅನ್ನ ಹಾಕ್ಕೋ."

ಗಂಡ ಗಂಟಲು ಸರಿಮಾಡಿಕೊಂಡ. "ನೋಡು, ನನ್ನ ಅಂಗಡೀಲಿ ಬಟ್ಟೆ ಬಣ್ಣ ಬದಲಾದ್ರೆ ಜನ ಕತ್ತಿನ ಪಟ್ಟಿ ಹಿಡೀತಾರೆ. ನಿಂಗೆ ಬದಲಾಯ್ಸಿ ಅಂತ ಅವರೇ ಕೇಳ್ತಿದ್ದಾರೆ. ಬದಲಾಯ್ಸಿ ಕೊಟ್ಟುಬಿಡೋದಪ್ಪ."

"ಅದು ಬರೀ ಬಣ್ಣ ಅಲ್ಲ ರೀ."

"ಮತ್ತೇನು?"

"ಮೇಷ್ಟ್ರ ಮಾತು."

"ಕೆಲಸ ಹೋದ್ರೆ ಮೇಷ್ಟ್ರು ಬಂದು ನೋಡ್ಕೋತಾರಾ?" ಎಂದರು ಅತ್ತೆ.

"ಬರ್ತಿದ್ದಾರೆ," ಎಂದಳು ಸೊಸೆ. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. "ಭಾನುವಾರ ಬರ್ತಾರೆ. ಕಣ್ಣಿಗೆ ಪೊರೆ ಬಂದಿದೆಯಂತೆ. ಇಲ್ಲಿ ಒಳ್ಳೆ ಆಸ್ಪತ್ರೆ ಇದೆ ಬನ್ನಿ ಅಂದೆ. ಹೆಂಡತಿ ಹೋಗಿ ಎಷ್ಟೋ ವರ್ಷ ಆಯ್ತು, ಮಕ್ಕಳಿಲ್ಲ, ಇನ್ಯಾರು ನೋಡ್ಬೇಕು? ಪೊರೆ ತೆಗೆದ ಮೇಲೆ ಚಿತ್ರಗಳನ್ನ ಅವರಿಗೇ ತೋರಿಸ್ತೀನಿ. ಹಸಿರು ಹಾಕು ಅಂದ್ರೆ ಹಾಕ್ತೀನಿ. ಬೇಡ ಅಂದ್ರೆ ಕೆಲಸ ಬಿಡ್ತೀನಿ."

"ಯಾರ ರೂಮಲ್ಲಿ ಇರ್ತಾರೆ?" ಎಂದು ಕೇಳಿದಳು ಮೊಮ್ಮಗಳು. ಎಲ್ಲರೂ ಅವಳ ಕಡೆಗೇ ನೋಡಿದರು. ಉತ್ತರ ಅವಳಿಗೇ ತಿಳಿಯಿತು.

ಭಾನುವಾರ ಮೇಷ್ಟ್ರು ಬಂದರು. ಉದ್ದಕ್ಕೆ, ಒಣಕಲು ಮನುಷ್ಯ. ಒಂದು ಬ್ಯಾಗು, ಒಂದು ಕೊಡೆ. ಮೊಮ್ಮಗಳು ದಿಂಬು ಪುಸ್ತಕ ಹೊತ್ತುಕೊಂಡು ಅಜ್ಜಿಯ ಕೋಣೆಗೆ ವಲಸೆ ಹೋದಳು. ಮರುದಿನದಿಂದ ಬೆಳಗಿನ ತಿಂಡಿಯ ಹೊತ್ತಿಗೆ ಅಜ್ಜಿಯ ಗೊರಕೆಯ ವರದಿ ಶುರುವಾಯಿತು. ಅತ್ತೆ ಅದನ್ನು ಕೇಳಿಯೂ ಕೇಳದವರಂತೆ ಚಹಾ ಸೋಸುತ್ತಿದ್ದರು.

ಮೊದಲ ಊಟದಲ್ಲೇ ಸೊಸೆ ತನ್ನ ಕತೆ ತೆಗೆದಳು. ಮನೆಯವರಿಗೆ ಅದು ಬಾಯಿಪಾಠ.

"ಕ್ಲಾಸ್ ತುಂಬ ಮಕ್ಕಳು. ನನಗಿಂತ ಚೆನ್ನಾಗಿ ಬರೆಯೋರು ಎಷ್ಟೋ ಜನ ಇದ್ರು. ನನ್ನ ಗೆರೆ ನೆಟ್ಟಗೂ ಬರ್ತಿರ್ಲಿಲ್ಲ. ಶಾಲೆ ನಾಟಕಕ್ಕೆ ಕಾಡಿನ ಪರದೆ ಬರೀಬೇಕಿತ್ತು. ಮೇಷ್ಟ್ರು ಸೀದಾ ನನ್ನ ಹತ್ರ ಬಂದು, 'ನಾಳೆಯಿಂದ ನೀನು ಬಾ' ಅಂದ್ರು. ಅವತ್ತು ನನ್ನಲ್ಲಿ ಏನು ಕಂಡ್ರೋ! ಅದೊಂದು ಆಗಿರ್ಲಿಲ್ಲ ಅಂದ್ರೆ ನಾನು ಕುಂಚ ಹಿಡೀತಾನೇ ಇರ್ಲಿಲ್ಲ."

ಕೊನೆಯ ವಾಕ್ಯಕ್ಕೆ ಮೊಮ್ಮಗಳ ತುಟಿಯೂ ಸದ್ದಿಲ್ಲದೆ ಆಡಿತು. ಅಪ್ಪ ಮೇಜಿನಡಿ ಅವಳ ಕಾಲು ತುಳಿದ.

"ಹಳೇದೆಲ್ಲ ಈಗ್ಯಾಕೆ ಮೋಟು," ಎಂದು ಮೇಷ್ಟ್ರು ತಟ್ಟೆಯ ಕಡೆ ಬಗ್ಗಿದರು. ಪೆನ್ಸಿಲು ಬೆರಳಿಗೆ ಸಿಗದಷ್ಟು ಮೋಟಾಗುವವರೆಗೂ ಬಿಡದ ಹುಡುಗಿಗೆ ಅವರು ಅಂದು ಇಟ್ಟ ಹೆಸರು ಅದು. ನಡುವಯಸ್ಸು ದಾಟುತ್ತಿದ್ದ ಹೆಂಗಸನ್ನು ಹಾಗೆ ಕರೆಯುವುದನ್ನು ಕೇಳಿ ಅತ್ತೆಗೆ ಯಾಕೋ ಕಸಿವಿಸಿಯಾಯಿತು.

ಕೂತು ಉಣ್ಣುವ ಅತಿಥಿ ಮಾತ್ರ ಅವರಲ್ಲ. ಆಪರೇಷನ್ನಿಗೆ ದಿನ ಗೊತ್ತಾಗುವವರೆಗೂ ಏನಾದರೂ ಕೆಲಸ ಕೊಡಿ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಆಲೂಗಡ್ಡೆಯ ಸಿಪ್ಪೆ ತೆಗೆದರೆ ಕಾಗದದಷ್ಟು ತೆಳು. ಅತ್ತೆ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಬೀಳತೊಡಗಿತು. ಒಣಗಿದ ಬಟ್ಟೆ ಮಡಿಸುವ ಕೆಲಸವೂ ಮೇಷ್ಟ್ರ ಪಾಲಿಗೆ ಬಂತು. ಅವರು ಜೋಡಿಸಿಟ್ಟ ಕಾಲುಚೀಲ ಹಾಕಿಕೊಂಡು ಹೋದ ಗಂಡ, ಅಂಗಡಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಾಗ ಗಿರಾಕಿಯೊಬ್ಬ ನಕ್ಕು, "ಏನ್ಸಾರ್, ಬಣ್ಣ ಕಾಪಾಡೋ ಅಂಗಡೀಲಿ ನಿಮ್ಮದೇ ಬಣ್ಣ ತಪ್ಪಿದೆ," ಎಂದ. ಒಂದು ಕಾಲಲ್ಲಿ ಕಂದು, ಇನ್ನೊಂದರಲ್ಲಿ ಹಸಿರು. ಇನ್ನೊಂದು ದಿನ ಟೊಮೆಟೊ ಸೂಪು ಬಾಯಿಗಿಡಲಾಗದಷ್ಟು ಹುಳಿ. ಹಣ್ಣಿನ ಜೊತೆ ಅರ್ಧಕ್ಕರ್ಧ ಕಾಯಿ ಬೆಂದಿತ್ತು. ಹೆಚ್ಚಿಕೊಟ್ಟವರು ಮೇಷ್ಟ್ರು.

"ಪಾಪ, ಪೊರೆ," ಎಂದಳು ಸೊಸೆ, ಮುಖ ಕಿವುಚದೆ ಸೂಪು ಕುಡಿಯುತ್ತ.

"ಪೊರೆ," ಎಂದು ಎಲ್ಲರೂ ಒಪ್ಪಿಕೊಂಡರು.

ಆಪರೇಷನ್ ಸುಸೂತ್ರವಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಬಂದ ಮೇಷ್ಟ್ರಿಗೆ ಹೊತ್ತುಹೊತ್ತಿಗೆ ಕಣ್ಣಿನ ಹನಿ ಹಾಕುವ ಕೆಲಸ ಮೊಮ್ಮಗಳಿಗೆ ಬಿತ್ತು. ಕೋಣೆ ಕಳೆದುಕೊಂಡ ಸಿಟ್ಟು ಹನಿಯ ಜೊತೆ ಇಷ್ಟಿಷ್ಟೇ ಕರಗಿತು. ಅವಳ ಗಣಿತದ ಪುಸ್ತಕದ ಅಂಚಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ಅವಳು ಬಣ್ಣಿಸಿದಂತೆ, ಗಣಿತದ ಟೀಚರ ಮೂಗು ಬರೆದುಕೊಟ್ಟರು. ಅದು ತರಗತಿಯಲ್ಲೆಲ್ಲ ಸುತ್ತಿ ಬಂತು.

ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ಮೇಷ್ಟ್ರು ಬಚ್ಚಲಮನೆಯಿಂದ ಕೂಗಿದರು. ಜಾರಿಬಿದ್ದರೇನೋ ಎಂದು ಎಲ್ಲರೂ ಓಡಿದರೆ ಅವರು ಬಕೆಟ್ಟು ಹಿಡಿದು ನಿಂತಿದ್ದರು.

"ಇದು ಇಷ್ಟು ನೀಲಿ ಇತ್ತಾ! ನಾನು ಬೂದಿ ಬಣ್ಣ ಅಂದ್ಕೊಂಡಿದ್ನಲ್ಲ!"

ಸೊಸೆಯ ಮುಖ ಅರಳಿತು. ಆಗಲೇ ಚಿತ್ರ ತರಲು ಹೊರಟವಳನ್ನು ಮೇಷ್ಟ್ರು ತಡೆದರು. "ಇನ್ನೆರಡು ದಿನ ಹೋಗ್ಲಿ ಮೋಟು. ಕಣ್ಣು ಪಳಗಲಿ."

ಮರುದಿನ ಬೆಳಿಗ್ಗೆ ಅತ್ತೆ ಟೊಮೆಟೊ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದು ಎರಡು ಬುಟ್ಟಿ ಕೊಟ್ಟರು. ಸೊಸೆ ಬಣ್ಣ ತರಲು ಅಂಗಡಿಗೆ ಹೋಗಿದ್ದಳು. "ಹಣ್ಣು ಈ ಕಡೆ, ಕಾಯಿ ಆ ಕಡೆ ಹಾಕಿ ಮೇಷ್ಟ್ರೇ. ಈಗ ಕಣ್ಣು ಸರಿಹೋಯ್ತಲ್ಲ."

ಮೇಷ್ಟ್ರು ಒಂದೊಂದನ್ನೇ ಎತ್ತಿ ಹೆಬ್ಬೆರಳಲ್ಲಿ ಒತ್ತಿದರು. ಮೂಸಿದರು. ಆಮೇಲೆ ಬುಟ್ಟಿಗೆ ಹಾಕಿದರು. ಅತ್ತೆ ಸುಮ್ಮನೆ ನೋಡಿದರು. ಕೆಂಪಗಿದ್ದರೂ ಗಟ್ಟಿಯಾಗಿದ್ದ ಹಣ್ಣೊಂದು ಕಾಯಿಯ ಬುಟ್ಟಿಗೆ ಬಿತ್ತು, ಅದರ ಹಿಂದೆ ಇನ್ನೊಂದು. ಅತ್ತೆ ಒಂದು ಕಾಯಿ, ಒಂದು ಹಣ್ಣು ತೆಗೆದು ಅವರ ಮುಖದೆದುರು ಹಿಡಿದರು.

"ಯಾವುದು ಹಣ್ಣು? ಮುಟ್ಟದೆ ಹೇಳಿ."

ಮೇಷ್ಟ್ರು ಬಾಗಿಲ ಕಡೆ ನೋಡಿದರು. "ಸ್ವಲ್ಪ ಮೆಲ್ಲಗೆ ಅಮ್ಮಾ."

"ಪೊರೆ ಹೋಯ್ತಲ್ಲ?"

"ಪೊರೆ ಹೋಯ್ತು. ಇದು ಪೊರೆ ಅಲ್ಲ. ಹುಟ್ಟಿದಾಗಿಂದ ಇರೋದು. ಹಸಿರು, ಕೆಂಪು ನನಗೆ ಬೇರೆ ಬೇರೆ ಅಲ್ಲ. ಎರಡೂ ಮಣ್ಣು."

ಅತ್ತೆ ಸ್ಟೂಲಿನ ಮೇಲೆ ಕುಸಿದರು. "ಹಾಗಿದ್ಕೊಂಡು ಡ್ರಾಯಿಂಗ್ ಮೇಷ್ಟ್ರಾಗಿದ್ರಾ?"

"ಗೆರೆ ಚೆನ್ನಾಗಿ ಬರ್ತಿತ್ತು. ಕೆಲಸ ಬೇಕಿತ್ತು."

"ನನ್ನ ಸೊಸೆಗೆ ಗೊತ್ತಾ?"

"ಇಲ್ಲ." ಮೇಷ್ಟ್ರು ಕೈಯಲ್ಲಿದ್ದ ಟೊಮೆಟೊವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದುಕೊಂಡಿದ್ದರು. "ಹೇಳ್ಬೇಡಿ ಅಮ್ಮಾ. ಕೈ ಮುಗಿದು ಕೇಳ್ಕೋತೀನಿ."

ಕಣ್ಣು ಕಾಣದವನ ಮಾತು ಕಟ್ಟಿಕೊಂಡು ಕುಣಿದಳಲ್ಲ ಎಂದು ಅತ್ತೆಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಮುದುಕನ ಮುಖ ನೋಡಿ ಕರುಳು ಚುರುಕ್ಕೆಂದಿತು. ಅತ್ತೆ ವ್ಯವಹಾರಸ್ಥೆ, ಕೂಡಲೇ ದಾರಿ ಹುಡುಕಿದರು.

"ನೋಡಿ, ಅವಳು ಚಿತ್ರ ತೋರಿಸಿದಾಗ ಹಸಿರು ಹಾಕು ಅಂದುಬಿಡಿ. ನಿಮ್ಮ ಗುಟ್ಟೂ ಉಳಿಯುತ್ತೆ, ಅವಳ ಕೆಲಸವೂ ಉಳಿಯುತ್ತೆ. ಆಯ್ತಾ?"

"ಆಯ್ತಮ್ಮ," ಎಂದರು ಮೇಷ್ಟ್ರು. ಅತ್ತೆ ಅವರ ಕೈಯಿಂದ ಟೊಮೆಟೊ ತೆಗೆದುಕೊಂಡು ಹಣ್ಣಿನ ಬುಟ್ಟಿಗೆ ಹಾಕಿದರು. ಅಂದಿನಿಂದ ಕಾಲುಚೀಲಗಳ ಜೋಡಿಯನ್ನು ಅತ್ತೆಯೇ ಯಾರಿಗೂ ಕಾಣದಂತೆ ಸರಿಮಾಡಿಡತೊಡಗಿದರು.

ಎರಡು ದಿನ ಕಳೆದ ಮೇಲೆ, ತಿಂಡಿಯ ತಟ್ಟೆಗಳನ್ನು ಎತ್ತಿದ ಕೂಡಲೇ, ಸೊಸೆ ಮೇಜಿನ ತುಂಬ ಚಿತ್ರ ಹರಡಿದಳು. ಅತ್ತೆ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತ ಕಿವಿ ಇಲ್ಲೇ ಇಟ್ಟಿದ್ದರು. ಮೇಷ್ಟ್ರು ಒಂದೊಂದನ್ನೂ ಕೈಗೆತ್ತಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಹೇಗಿದೆ ಮೇಷ್ಟ್ರೇ? ನಿಮ್ಮ ಬಣ್ಣ. ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದೀನಿ."

ಮೇಷ್ಟ್ರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. "ಇರಲಿ ಮೋಟು," ಎಂದರು ಕೊನೆಗೆ. "ಹೀಗೇ ಇರಲಿ."

ಅಡುಗೆಮನೆಯಲ್ಲಿ ಏನೋ ಠಣ್ಣೆಂದು ಬಿತ್ತು. ಸೊಸೆ ಕಣ್ಣೊರೆಸಿಕೊಂಡು ಒಳಗೆ ಹೋದ ಮೇಲೆ ಅತ್ತೆ ಮೇಷ್ಟ್ರ ಎದುರು ಬಂದು ನಿಂತರು. "ಇದಕ್ಕೇನಾ ನೀವು ಆಯ್ತು ಅಂದದ್ದು?"

"ಹಸಿರು ಹಾಕು ಅನ್ನೋದು ನಾಲಿಗೆ ತುದೀಲಿತ್ತಮ್ಮ. ಆದ್ರೆ ಅವಳು 'ನಿಮ್ಮ ಬಣ್ಣ' ಅಂದಳು." ಮೇಷ್ಟ್ರು ತಲೆ ಎತ್ತಲಿಲ್ಲ. "ನನ್ನ ಜನ್ಮದಲ್ಲಿ ನನಗೂ ಒಂದು ಬಣ್ಣ ಇದೆ ಅಂತ ಇನ್ಯಾರೂ ಅಂದಿಲ್ಲ."

ಅತ್ತೆ ಸೀದಾ ಮೆಟ್ಟಿಲಿಳಿದು ಮಗನ ಅಂಗಡಿಗೆ ಹೋದರು. ಮಗ ಯಾರದೋ ಕೋಟಿನ ಮೇಲಿನ ಎಣ್ಣೆಕಲೆ ತಿಕ್ಕುತ್ತಿದ್ದ. ಎಲ್ಲ ಕೇಳಿ ಅವನು ತಿಕ್ಕುವುದನ್ನು ನಿಲ್ಲಿಸಿದ.

"ಅದಕ್ಕೇ ನನ್ನ ಕಾಲುಚೀಲ..."

"ನಿನ್ನ ಕಾಲುಚೀಲಕ್ಕೆ ಬೆಂಕಿ ಹಾಕು. ಅವಳಿಗೆ ಹೇಳೋ."

"ನಾನಾ? ಅವಳಿಗೆ ಅವರು ದೇವರಮ್ಮ. ದೇವರ ಕಣ್ಣು ಸರಿಯಿಲ್ಲ ಅಂತ ಹೇಳೋಕೆ ನಾನೇ ಸಿಕ್ಕಿದ್ನಾ? ನೀನೂ ಸುಮ್ನಿರು. ಕೆಲಸ ಹೋದ್ರೆ ಇನ್ನೊಂದು ಬರುತ್ತೆ."

"ಎಲ್ಲಿಂದ ಬರುತ್ತೆ? ಈ ಪುಸ್ತಕ ಹೋದ್ರೆ ಅವಳು ಕಿಟಕಿ ನೋಡ್ಕೊಂಡು ಕೂರ್ತಾಳೆ. ಆಗ ನೋಡೋನು ನೀನಲ್ಲ, ನೀನು ಅಂಗಡೀಲಿರ್ತೀಯ. ನೋಡೋಳು ನಾನು." ಮಗ ಮತ್ತೆ ಕಲೆ ತಿಕ್ಕತೊಡಗಿದ.

ಆ ಸಂಜೆ ಎಲ್ಲರೂ ಬೇಗ ಊಟಕ್ಕೆ ಕೂತರು. ಸೊಸೆ ಹಗುರವಾಗಿದ್ದಳು, ಮೇಷ್ಟ್ರ ತಟ್ಟೆಗೆ ತಾನೇ ಬಡಿಸಿದಳು. "ನಾಳೆ ಸಂಪಾದಕಿಗೆ ಫೋನ್ ಮಾಡಿ ಆಗಲ್ಲ ಅಂತ ಹೇಳಿಬಿಡ್ತೀನಿ."

ಅತ್ತೆ ಸೌಟು ಕೆಳಗಿಟ್ಟರು. "ಮೇಷ್ಟ್ರೇ, ನೀವು ಹೇಳ್ತೀರೋ, ನಾನು ಹೇಳ್ಲೋ?"

"ಏನತ್ತೆ ಇದು? ಮನೆಗೆ ಬಂದೋರ ಹತ್ರ ಹೀಗಾ ಮಾತಾಡೋದು?" ಸೊಸೆಯ ದನಿ ಏರಿತು. "ನನಗೆ ಗೊತ್ತು. ನನ್ನ ಕೆಲಸಾನ ನೀವು ಯಾವತ್ತೂ ಕೆಲಸ ಅಂದ್ಕೊಂಡಿಲ್ಲ. ಮೇಜು ಖಾಲಿಯಾದ್ರೆ ಸಾಕು ನಿಮಗೆ!"

"ಹೌದಮ್ಮ, ನನಗೆ ಮೇಜೇ ಹೆಚ್ಚು. ನಿನ್ನ ಪುಸ್ತಕ ಬಂದಾಗೆಲ್ಲ ಅದನ್ನ ಸೆರಗಲ್ಲಿ ಮುಚ್ಕೊಂಡು ಮೇಲಿನ ಮನೆ ಕೆಳಗಿನ ಮನೆ ಸುತ್ತಿ ತೋರಿಸ್ಕೊಂಡು ಬರೋದು ಯಾರು? ನಿನ್ನ ಮೇಷ್ಟ್ರಾ?"

ಸೊಸೆಗೆ ಇದು ಗೊತ್ತಿರಲಿಲ್ಲ.

"ಅಮ್ಮನವರದ್ದು ತಪ್ಪಿಲ್ಲ ಮೋಟು," ಎಂದರು ಮೇಷ್ಟ್ರು. ಕೈ ತೊಳೆದುಕೊಂಡು ಬಂದು, ಮತ್ತೆ ಕುರ್ಚಿಯಲ್ಲಿ ಕೂತು, ಹೇಳಿದರು. ಸುತ್ತಿ ಬಳಸಿ ಹೇಳುವಷ್ಟು ಏನೂ ಇರಲಿಲ್ಲ. ಎರಡು ಮಾತಿನಲ್ಲಿ ಮುಗಿಯಿತು.

"ಕಲರ್ ಬ್ಲೈಂಡ್ ಅಂತಾರೆ ಅಮ್ಮ," ಎಂದಳು ಮೊಮ್ಮಗಳು ಸಣ್ಣ ದನಿಯಲ್ಲಿ. "ಸೈನ್ಸ್ ಪುಸ್ತಕದಲ್ಲಿದೆ."

ಸೊಸೆ ಮಗಳ ಕಡೆ ನೋಡಲಿಲ್ಲ. "ಹಾಗಾದ್ರೆ ಆ ಮಾತು? ಗೊತ್ತಿರೋದನ್ನೇ ಯಾಕೆ ಬರೀಬೇಕು ಅಂದಿದ್ದು?"

"ಹೆಡ್ ಮಾಸ್ಟರು ಪರದೆ ನೋಡೋಕೆ ಬಂದ್ರು. ಎಲೆ ಯಾಕ್ರೀ ಹೀಗಿದೆ ಅಂದ್ರು. ಎಲ್ಲೋ ಎಡವಟ್ಟಾಗಿದೆ ಅಂತ ನನಗೆ ಗೊತ್ತಾದದ್ದೇ ಆಗ. ಕೆಲಸ ಹೋಗುತ್ತೆ ಅಂತ ಹೆದರಿ ಬಾಯಿಗೆ ಬಂದದ್ದು ಹೇಳಿದೆ. ಅವರು ತಲೆದೂಗಿ ಹೋದ್ರು. ನೀನು ಏಣಿ ಕೆಳಗೆ ನಿಂತು ಕೇಳಿಸ್ಕೊಂಡೆ."

"ನನ್ನನ್ನ ಯಾಕೆ ಕರೆದ್ರಿ? ಅಷ್ಟು ಮಕ್ಕಳಲ್ಲಿ?"

ಮೇಷ್ಟ್ರು ನೀರು ಕುಡಿದರು. "ನನ್ನ ಹೆಂಡತಿ ಇರೋವರೆಗೆ ಬಣ್ಣದ ಕೆಲಸ ಮನೇಲೇ ಮಾಡ್ತಿದ್ದೆ, ಅವಳು ಬಣ್ಣ ಎತ್ತಿ ಕೊಡ್ತಿದ್ದಳು. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅವಳು ಹೋದ ವರ್ಷವೇ ಆ ಪರದೆ ಕೆಲಸ ಬಂತು. ಡಬ್ಬಿಗಳ ಮೇಲಿನ ಹೆಸರೆಲ್ಲ ಬಣ್ಣ ಸೋರಿ ಮುಚ್ಚಿಹೋಗಿತ್ತು. ನೀನು ಬಾಯಿಬಡುಕಿ. ಯಾವ ಬಣ್ಣ ಮುಟ್ಟಿದ್ರೂ ಕೆಂಪು, ಹಳದಿ, ಹಸಿರು ಅಂತ ಹೆಸರು ಕೂಗ್ತಿದ್ದೆ. ಬೇರೆ ಮಕ್ಕಳು ನಗ್ತಿದ್ರು. ನನಗೆ ಅಂಥದ್ದೇ ಒಂದು ಮಗು ಬೇಕಿತ್ತು. ಕೇಳದೇನೇ ಹೇಳೋ ಮಗು."

"ಅಷ್ಟೇನಾ?"

"ಅಷ್ಟೇ."

ಸೊಸೆಗೆ ಬಣ್ಣದ ಮಾತಿಗಿಂತ ಇದರಿಂದ ಹೆಚ್ಚು ನೋವಾಯಿತು. ಅಷ್ಟು ಮಕ್ಕಳ ನಡುವೆ ತನ್ನನ್ನು ಒಬ್ಬರು ಗುರುತಿಸಿದರು ಎಂಬ ಒಂದು ಸಂಗತಿಯ ಮೇಲೆ ಅವಳು ತನ್ನ ಬದುಕನ್ನು ಕಟ್ಟಿಕೊಂಡಿದ್ದಳು. ಅವಳು ಮೇಜಿನ ಅಂಚು ಹಿಡಿದುಕೊಂಡು ಕೇಳಿದಳು: "ಎಲೆಯ ಬಣ್ಣ ಆದ್ರೂ ನಿಮ್ಮದು ತಾನೇ? ನೀವೇ ತಾನೇ ಬಳಿದದ್ದು?"

"ಹಸಿರು ಕೊಡು ಅಂದೆ. ನೀನು ಕೊಟ್ಟೆ. ಕೊಟ್ಟದ್ದನ್ನ ಬಳಿದೆ."

ಸೊಸೆ ಹಣೆ ಗಂಟಿಕ್ಕಿದಳು. ಆಮೇಲೆ ಅವಳ ಕೈ ಮೆಲ್ಲಗೆ ಬಾಯಿಗೆ ಹೋಯಿತು.

"ಹಸಿರು ಡಬ್ಬಿ ನಾನು ಕಾಲಲ್ಲಿ ಒದ್ದು ಚೆಲ್ಲಿಬಿಟ್ಟಿದ್ದೆ. ಬೈತೀರ ಅಂತ ಹೆದರಿ ಕೆಂಪು, ಹಳದಿ, ಕಪ್ಪು, ಕೈಗೆ ಸಿಕ್ಕಿದ್ದೆಲ್ಲ ಕಲಸಿ ಕೊಟ್ಟೆ. ಈಗ ಒಂದೇಟು ಬೀಳುತ್ತೆ ಅಂತ ಕಣ್ಣು ಮುಚ್ಕೊಂಡು ನಿಂತಿದ್ದೆ. ನೀವು ನೋಡಿ 'ಹೂಂ' ಅಂದು ಬಳಿಯೋಕೆ ಶುರುಮಾಡಿದ್ರಿ. ಓ, ಮೇಷ್ಟ್ರ ಲೆಕ್ಕದಲ್ಲಿ ಇದೇ ಸರಿ ಅಂತ ನಾನು..."

"ನೀನು ಕೊಟ್ಟದ್ದು ಹಸಿರೇ ಅಂತ ನಾನು."

ಮೊಮ್ಮಗಳು ನಗು ತಡೆಯಲು ಬ್ರೆಡ್ಡಿನ ತುಂಡೊಂದನ್ನು ಬಾಯಿಗೆ ತುರುಕಿಕೊಂಡಳು.

"ಚೆನ್ನಾಯ್ತು," ಎಂದರು ಅತ್ತೆ. "ಕುರುಡನ ಹೆಗಲ ಮೇಲೆ ಕುಂಟ ಕೂತು ದಾರಿ ತೋರಿಸಿದ್ದ ಕೇಳಿದ್ದೆ. ಇಲ್ಲಿ ಇಬ್ಬರೂ ಕಣ್ಣು ಮುಚ್ಕೊಂಡೇ ಊರು ಸೇರಿದ್ದೀರ."

ಸೊಸೆ ತಟ್ಟೆ ತೆಗೆದುಕೊಂಡು ಹೋಗಿ ಸಿಂಕಿನಲ್ಲಿಟ್ಟು ಕೋಣೆಯ ಬಾಗಿಲು ಹಾಕಿಕೊಂಡಳು.

ಅವಳು ಮೇಷ್ಟ್ರೊಂದಿಗೆ ಮಾತು ಬಿಟ್ಟಳು. ಊಟ ತಿಂಡಿ ಎಲ್ಲ ನಡೆಯುತ್ತಿತ್ತು, ಆದರೆ "ಮೇಷ್ಟ್ರಿಗೆ ಬಡಿಸಿ ಅತ್ತೆ," "ಮೇಷ್ಟ್ರಿಗೆ ಹನಿ ಹಾಕೇ," ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ಮೇಷ್ಟ್ರು ಬ್ಯಾಗು ಕಟ್ಟಿದರು. ಅತ್ತೆ ಅದನ್ನು ಬಿಚ್ಚಿದರು.

"ಡಾಕ್ಟರು ಕೊನೇ ಸಲ ನೋಡಿ ಹೋಗಿ ಅನ್ನೋವರೆಗೆ ಎಲ್ಲಿಗೂ ಹೋಗೋ ಹಾಗಿಲ್ಲ. ದಾರೀಲಿ ಕಣ್ಣಿಗೆ ಧೂಳು ಬಿದ್ದು ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ. ತೊಗೊಳ್ಳಿ, ಈ ಬೆಳ್ಳುಳ್ಳಿ ಸುಲೀರಿ. ಇದಕ್ಕೆ ಬಣ್ಣದ ತಂಟೆ ಇಲ್ಲ."

ಸಂಪಾದಕಿಗೆ ಸೊಸೆ ಫೋನು ಮಾಡಿದ್ದು ನಿಜ, ಆದರೆ ಹಸಿರು ಹಾಕಿ ಕೊಡುತ್ತೇನೆ ಎಂದು ಹೇಳಲು. ಗಂಡನಿಗೆ ಆಶ್ಚರ್ಯವಾಯಿತು. "ಅಷ್ಟು ಹಟ ಮಾಡಿದೋಳು ಒಪ್ಕೊಂಡ್ಯಾ?"

"ಮೇಷ್ಟ್ರ ಬಣ್ಣ ಆಗಿದ್ರೆ ಅದನ್ನ ಬಿಡೋಕೆ ನನಗೇನು ಹಕ್ಕಿತ್ತು?" ಎಂದಳು ಅವಳು ಹಾಸಿಗೆಯ ಬಟ್ಟೆ ಕೊಡವುತ್ತ. "ಹೆದರಿ ಕಲಸಿದ್ದು ನಾನೇ ಅಂದ್ಮೇಲೆ ಬಿಡಬಹುದು. ಬೇಕಾದ್ರೆ ನಾಳೆ ಮತ್ತೆ ಹಿಡೀಬಹುದು."

ಹೇಳಿದಷ್ಟು ಸುಲಭವಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಹಸಿರು ಕಲಸಿರಲಿಲ್ಲ. ಕಲಸಿದ್ದೆಲ್ಲ ಪ್ಲಾಸ್ಟಿಕ್ಕಿನ ಹಾಗೆ ಕಣ್ಣಿಗೆ ರಾಚಿತು. ಎಲೆಗಳು ಕತ್ತರಿಸಿ ಅಂಟಿಸಿದ ಕಾಗದದಂತೆ ಚಪ್ಪಟೆಯಾಗಿ ನಿಂತವು. ಹಾಳೆಯ ಮೇಲೆ ಹಾಳೆ ಕಸದಬುಟ್ಟಿಗೆ ಹೋಯಿತು. ಗಂಡ ನೋಡಿ "ಚೆನ್ನಾಗಿದೆ" ಎಂದ; ಅವನು ಎಲ್ಲದಕ್ಕೂ ಹಾಗೇ ಅನ್ನುವವನು. "ಅಮ್ಮ, ಇದು ಸೋಪಿನ ಪೆಟ್ಟಿಗೆ ಮೇಲಿನ ಮರದ ಹಾಗಿದೆ," ಎಂದಳು ಮಗಳು, ಅವಳು ಸುಳ್ಳು ಹೇಳುವವಳಲ್ಲ. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಸೊಸೆಯ ಮುಖ ನೋಡಿ ಅತ್ತೆ ಊಟದ ತಟ್ಟೆಗಳನ್ನು ಸದ್ದಾಗದಂತೆ ಇಡತೊಡಗಿದರು.

ಒಂದು ಬೆಳಿಗ್ಗೆ ಮೇಷ್ಟ್ರು ಚಹಾದ ಲೋಟ ಹಿಡಿದು ಆ ಕಡೆಯಿಂದ ಹೋಗುತ್ತಿದ್ದವರು ಅವಳ ಹಿಂದೆ ನಿಂತರು.

"ಈ ಮರ ಬೀಳ್ತಿದೆ ಮೋಟು."

ಸೊಸೆ ಕುಂಚ ಬಿಸಾಡಿದಳು. "ನಿಮಗೆ ಹಸಿರೇ ಕಾಣಲ್ಲ! ನನಗೆ ಹೇಳೋಕೆ ಬರ್ಬೇಡಿ!"

ಮೇಷ್ಟ್ರ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ನಲ್ಲಿಯ ನೀರಿನ ಸದ್ದು ನಿಂತಿತು.

"ಹಸಿರು ಕಾಣಲ್ಲ," ಎಂದರು ಮೇಷ್ಟ್ರು. "ಮೇಲಿನ ಎಲೆ ಭಾರ ಆಗಿದೆ, ಕೆಳಗಿನದು ಹಗುರ. ಅದು ಕಾಣುತ್ತೆ. ತಲೆಭಾರಕ್ಕೆ ಮರ ಮುಗ್ಗರಿಸ್ತಿದೆ ನೋಡು."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ನಿಜವಾಗಿತ್ತು. ಹಸಿರು ಸರಿಯೋ ತಪ್ಪೋ ಎಂಬುದರಲ್ಲೇ ಮುಳುಗಿ ಕತ್ತಲೆ ಬೆಳಕನ್ನು ಅವಳು ಮರೆತೇಬಿಟ್ಟಿದ್ದಳು. ಕುಂಚ ಹೆಕ್ಕಿ, ಮಾತಾಡದೆ, ಕೆಳಗಿನ ಕೊಂಬೆಗಳಿಗೆ ಇಷ್ಟು ನೀಲಿ ಬೆರೆಸಿ ಹಾಕಿದಳು. ಆಮೇಲೆ, ಹಿಂತಿರುಗಿ ನೋಡದೆ, "ಈಗ?" ಎಂದಳು.

"ಇನ್ನೂ."

"ಈಗ?"

"ಬಲಗಡೆ ಸ್ವಲ್ಪ ಬೆಳಕು ಬಿಡು. ಹಾಂ. ನಿಂತ್ಕೊಳ್ತು."

ಮರ ನಿಂತಿತ್ತು. ಅದರ ಕೆಳಗೆ ಹೋಗಿ ಕೂರಬಹುದು ಎನಿಸುವಂತೆ ನಿಂತಿತ್ತು. ಮೇಷ್ಟ್ರು ಬಗ್ಗಿ ನೋಡಿ ಕೇಳಿದರು: "ಇದು ಈಗ ಹಸಿರು ತಾನೇ?"

"ಹಸಿರು."

"ಸರಿ ಹಾಗಾದ್ರೆ," ಎಂದು ಅವರು ನೆಟ್ಟಗಾದರು. ಇನ್ನೊಮ್ಮೆ ಕೇಳಲಿಲ್ಲ.

ಅವರು ಹಾಗೆ ಕೇಳಿ ಸುಮ್ಮನಾದದ್ದು ಸೊಸೆಯ ಎದೆಗೆ ತಾಗಿತು. ಮೇಷ್ಟ್ರು ತನ್ನಲ್ಲಿ ಏನನ್ನೂ ಕಂಡಿರಲಿಲ್ಲ ಎಂದು ಅವಳು ವಾರವೆಲ್ಲ ಒಳಗೊಳಗೇ ಕುದಿದಿದ್ದಳು. ಆದರೆ ದೊಡ್ಡ ಮನುಷ್ಯರೊಬ್ಬರು ತಮ್ಮ ಕೆಲಸವನ್ನೂ ಮಾನವನ್ನೂ ಒಂದು ಪುಟ್ಟ ಹುಡುಗಿಯ ಬಾಯಿಮಾತಿನ ಮೇಲೆ ಇಟ್ಟು ಏಣಿ ಹತ್ತಿದ್ದರು. ಅಷ್ಟು ನಂಬಿಕೆಯನ್ನು ಅವಳ ಮೇಲೆ ಆಮೇಲೆ ಇನ್ಯಾರೂ ಇಟ್ಟಿರಲಿಲ್ಲ. ಅವಳ ಕಣ್ಣು ತುಂಬಿತು.

"ಮೇಷ್ಟ್ರೇ," ಎಂದಳು, "ನಾನು ಸುಳ್ಳು ಹೇಳಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ." ಮೇಷ್ಟ್ರು ಆರಿದ ಚಹಾವನ್ನು ಒಂದು ಗುಟುಕು ಕುಡಿದರು. "ಒಂದ್ಸಲ ಹೇಳಿದ್ದೆಯಲ್ಲ. ಅದರ ಮೇಲೇ ಇಬ್ಬರೂ ಇಷ್ಟು ವರ್ಷ ಅನ್ನ ತಿಂದಿಲ್ವಾ?"

ಸೊಸೆ ಪಕ್ಕದ ಕುರ್ಚಿಯ ಮೇಲಿದ್ದ ಹಾಳೆಗಳನ್ನು ಎತ್ತಿ ನೆಲಕ್ಕಿಟ್ಟಳು.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದಳು.